ಒಂದೇ ಪಾತ್ರೆ, ಒಂದೇ ಪಂಕ್ತಿ

ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎಂಬ ಗಾದೆಯನ್ನು ಅರಿಯದ ಕನ್ನಡಿಗರಿಲ್ಲ. ಆದರೆ ಅಣ್ಣತಮ್ಮಂದಿರ ಮುನಿಸು, ಜನಾಂಗ ಜನಾಂಗಗಳ ನಡುವಣ ವೈಮನಸ್ಯ, ಇವುಗಳಿಗೂ ಊಟವು ಮದ್ದಾಗಬಲ್ಲುದೆ? ಅಮೆರಿಕದ ನ್ಯೂ ಆರ್ಲಿಯನ್ಸ್ ನಗರದ ಓರ್ವ ಅಜ್ಜಿಯ ಬಾಳು ಇದಕ್ಕೆ ಉತ್ತರ ಕೊಡುತ್ತದೆ.

ಶ್ರೀಮತಿ ಲಿಯಾ ಚೇಸ್ 1923ರಲ್ಲಿ ಲೂಯಿಸಿಯಾನಾ ಪ್ರಾಂತದ ಕ್ರಿಯೋಲ್ ಕುಟುಂಬವೊಂದರಲ್ಲಿ ಜನಿಸಿದರು. ಆಫ್ರಿಕ, ಫ್ರಾನ್ಸ್, ಸ್ಪೇನ್ ಮುಂತಾದ ನಾಡುಗಳ ರಕ್ತವೂ ರೂಢಿಯೂ ಬೆರೆತ ಜನರು ಅಲ್ಲಿಯ ಈ ಕ್ರಿಯೋಲರು. 1946ರಲ್ಲಿ ಸಂಗೀತಗಾರ ಎಡ್ಗರ್ ಚೇಸರ ಕೈಹಿಡಿದು, ಅತ್ತೆಮಾವಂದಿರು 1941ರಲ್ಲಿ ತೆರೆದಿದ್ದ 'ಡೂಕಿ ಚೇಸ್' ಹೋಟೆಲಿಗೆ ಆಕೆ ಸೊಸೆಯಾಗಿ ಬಂದರು. ಬಿಳಿಯರ ಹೋಟೆಲುಗಳ ರೀತಿಯಲ್ಲಿ ಕೆನೆ ಬೆರೆಸಿದ ದೊಡ್ಡ ಸಿಂಗಡಿಯ ಭಕ್ಷ್ಯವನ್ನು ಮಾಡಿದಾಗ ಗಿರಾಕಿಗಳು ಒಲ್ಲೆವೆಂದರು. ಆಕೆ ಹಟ ಹಿಡಿಯಲಿಲ್ಲ. ಮನೆಯ ಅಡಿಗೆಗೇ ಮರಳಿದರು.

ಆ ಅಡಿಗೆಯಲ್ಲಿ ಮುಖ್ಯವಾದುದು ಅನ್ನದೊಡನೆ ಉಣ್ಣುವ ಗಂಬೊ ಎಂಬ ಗಟ್ಟಿ ಸಾರು. ಆಫ್ರಿಕದ ಬೆಂಡೆಕಾಯಿ, ಫ್ರೆಂಚರಂತೆ ಕೊಬ್ಬಿನಲ್ಲಿ ಹುರಿದ ಹಿಟ್ಟು, ಮೂಲನಿವಾಸಿ ಚೊಕ್ಟಾ ಜನರ ಸಸಾಫ್ರಸ್ ಎಲೆಯ ಪುಡಿ, ಇವೆಲ್ಲವೂ ಗಂಬೊವಿನ ಪರಂಪರೆಗೆ ಸೇರಿದವು. ಶುಭ ಶುಕ್ರವಾರದ ಮುನ್ನಾದಿನ ಲಿಯಾ ಅಜ್ಜಿ ಒಂಬತ್ತು ಬಗೆಯ ಸೊಪ್ಪುಗಳನ್ನು ಮಾಂಸದೊಡನೆ ಬೇಯಿಸಿ ಸೊಪ್ಪಿನ ಗಂಬೊ ಮಾಡುತ್ತಿದ್ದರು. ಸೊಪ್ಪು ಎಷ್ಟು ಬಗೆಯೋ ಆ ವರ್ಷ ಅಷ್ಟು ಮಂದಿ ಹೊಸ ಸ್ನೇಹಿತರು ದೊರಕುವರೆಂದು ಅಲ್ಲಿಯವರ ನಂಬಿಕೆ.

ಬಿಳಿಯರೂ ಕರಿಯರೂ ಜೊತೆಗೆ ಕುಳಿತು ಉಣ್ಣಬಾರದೆಂಬ ಕಟ್ಟಳೆಯಿದ್ದ ಕಾಲದಲ್ಲಿ, ಆ ಹೋಟೆಲಿನ ಮಹಡಿಯ ಕೋಣೆಯಲ್ಲಿ ಎರಡೂ ಪಂಗಡದ ಹೋರಾಟಗಾರರು ಒಂದೇ ಮೇಜಿನಲ್ಲಿ ಗಂಬೊ ಉಂಡು ಸಮಾಲೋಚಿಸಿದರು. 2005ರ ಕತ್ರೀನಾ ಚಂಡಮಾರುತದಲ್ಲಿ ಹೋಟೆಲು ನೀರುಪಾಲಾದರೂ 2007ರಲ್ಲಿ ಮತ್ತೆ ಒಲೆ ಹೊತ್ತಿತು. 2019ರಲ್ಲಿ, ತಮ್ಮ 96ನೆಯ ವಯಸ್ಸಿನಲ್ಲಿ, ಅಜ್ಜಿ ತೀರಿಕೊಂಡರು. ಮನೆಯವರು ಆ ಕಸುಬನ್ನು ಕೈಬಿಡಲಿಲ್ಲ.

ಇದನ್ನು ಬರೆಯುವಾಗ ನಮ್ಮ ತಾಯಿಯವರ ನೆನಪು ಬಾರದಿರದು. ನಾವು ಹೋಟೆಲು ನಡೆಸುತ್ತಿದ್ದಾಗ ಪಾಲಿನ ಲೆಕ್ಕಕ್ಕಾಗಿ ಅಣ್ಣನವರೊಡನೆ ಮೂರು ವರ್ಷ ಮಾತು ಬಿಟ್ಟಿದ್ದೆವು. ಚೌತಿಗೆಂದು ಊರಿಗೆ ಹೋದಾಗ ತಾಯಿಯವರು ಇಬ್ಬರಿಗೂ ಅಕ್ಕಪಕ್ಕದಲ್ಲಿಯೇ ಎಲೆ ಹಾಕಿಸಿದರು. ಬುದ್ಧಿವಾದದ ಒಂದು ಮಾತನ್ನೂ ಆಡಲಿಲ್ಲ. ಪತ್ರೊಡೆ ಬಂದಾಗ ಅಣ್ಣನವರು ತಲೆಯೆತ್ತದೆಯೇ, "ಅಮ್ಮಾ, ಅವನಿಗೆ ಇನ್ನೊಂದು ಹಾಕು, ಅವನಿಗೆ ಅದೆಂದರೆ ಪ್ರಾಣ" ಎಂದರು. ನಮಗೆ ತುತ್ತು ಗಂಟಲಿನಲ್ಲಿ ಇಳಿಯಲಿಲ್ಲ. ಲೆಕ್ಕವೇನೂ ಅಂದು ತೀರಲಿಲ್ಲ, ಅದಕ್ಕೆ ಇನ್ನೂ ಒಂದು ವರ್ಷ ಹಿಡಿಯಿತು. ಆದರೆ ಮಾತು ಮಾತ್ರ ಅಂದೇ ಆರಂಭವಾಯಿತು.

ಊಟವು ನ್ಯಾಯತೀರ್ಮಾನ ಮಾಡದು, ನಿಜ. ನ್ಯಾಯ ಕೇಳಬೇಕಾದವರನ್ನು ಒಂದೆಡೆ ಕುಳ್ಳಿರಿಸುವುದಷ್ಟೇ ಅದರ ಕೆಲಸ. ಈ ವರ್ಷ ಹಬ್ಬಕ್ಕೆ ಊರಿಗೆ ಹೊರಡುವ ವಾಚಕರಲ್ಲಿ ಮಾತು ಬಿಟ್ಟ ಅಣ್ಣನೋ ತಮ್ಮನೋ ಇರುವವರು ಪಂಕ್ತಿಯಲ್ಲಿ ದೂರದ ಎಲೆಯನ್ನು ಹುಡುಕದಿರಲಿ ಎಂದು ನಮ್ಮ ವಿನಂತಿ.