ನಿಮ್ಮ ಡಬ್ಬೀಲಿರೋದು ಯಾವ ಚಕ್ಕೆ?

ಮಸಾಲೆ ಡಬ್ಬಿ ತೆಗೀರಿ.
ಒಂದು ತುಂಡು ಚಕ್ಕೆ ಕೈಗೆ ತಗೊಳ್ಳಿ.
ಇದು ಅಸಲಿ ದಾಲ್ಚಿನ್ನಿನಾ?
ಅಥವಾ ಅದರ ದಾಯಾದಿನಾ?

ತುದಿ ನೋಡಿ.
ಚಿರೋಟಿ ಥರ ತೆಳು ತೆಳು ಪದರ,
ಒತ್ತಿದ್ರೆ ಪುಡಿ ಪುಡಿ?
ಅದು ಶ್ರೀಲಂಕಾ ಮೂಲದ ಸಿಲೋನ್ ದಾಲ್ಚಿನ್ನಿ.

ಒಂದೇ ದಪ್ಪ ಪದರ,
ಮುರಿಯೋಕೂ ಕಷ್ಟ?
ಅದು ಕ್ಯಾಸಿಯಾ.
ಚೀನಾ, ವಿಯೆಟ್ನಾಂ, ಇಂಡೋನೇಷ್ಯಾ ಕಡೆಯದು.
ಅಗ್ಗಕ್ಕೆ ಸಿಗೋದು ಹೆಚ್ಚಾಗಿ ಇದೇ.

ಎರಡೂ ಮರದ ತೊಗಟೆನೇ.
ಎರಡಕ್ಕೂ ಘಮ ಕೊಡೋದು
ಸಿನ್ನಮಾಲ್ಡಿಹೈಡ್.
ನಾಲಿಗೆ ಮೇಲಿನ ಆ ಬೆಚ್ಚನೆ ಚುರುಕೂ ಇದರದ್ದೇ.
ಲ್ಯಾಬಿನಲ್ಲಿ ಇದು
ಬ್ಯಾಕ್ಟೀರಿಯಾ, ಬೂಷ್ಟು ಎರಡನ್ನೂ ತಡೆಯುತ್ತೆ.

ಸಿಲೋನ್ ಮರದ ಎಲೆ ಕಥೆನೇ ಬೇರೆ.
ಅದರ ಎಣ್ಣೇಲಿ ಯೂಜಿನಾಲ್ ಜಾಸ್ತಿ.
ಹೌದು, ಲವಂಗದಲ್ಲಿರೋದೇ!

ಈಗ ಎಚ್ಚರಿಕೆ ಮಾತು.
ಕ್ಯಾಸಿಯಾದಲ್ಲಿ ಕೂಮರಿನ್ ಅಂತ ಇನ್ನೊಂದು ಅಂಶ ಇದೆ.
ಸಿಲೋನ್‌ನಲ್ಲಿ ಇದು ತೀರಾ ಕಮ್ಮಿ.
ಅತಿಯಾದ್ರೆ ಕೆಲವರ ಲಿವರ್‌ಗೆ ತೊಂದರೆ.
ಯುರೋಪಿನ ಲೆಕ್ಕದಲ್ಲಿ,
60 ಕೆ.ಜಿ. ತೂಗೋರಿಗೆ ಮಿತಿ
ದಿನಕ್ಕೆ 6 ಮಿಲಿಗ್ರಾಂ.
ಒಂದು ಚಮಚ ಕ್ಯಾಸಿಯಾ ಪುಡೀಲೇ
ಅದು ಮುಗಿದುಹೋಗಬಹುದು.

ಚಕ್ಕೆ ತಿಂದ್ರೆ ಶುಗರ್ ಇಳಿಯುತ್ತಾ?
ಕೆಲವು ಅಧ್ಯಯನ ಹೌದು ಅಂತವೆ,
ಕೆಲವು ಇಲ್ಲ ಅಂತವೆ.
ಅದನ್ನ ನಂಬಿ ಮಾತ್ರೆ ಮಾತ್ರ ಬಿಡಬೇಡಿ.

ಪಲಾವಿಗೆ ಒಂದು ತುಂಡು?
ಧಾರಾಳವಾಗಿ ಹಾಕಿ.
ದಿನಾ ಚಮಚಗಟ್ಟಲೆ ಪುಡಿ ತಗೊಳ್ಳೋರಾದ್ರೆ,
ಮೊದಲು ಡಾಕ್ಟರನ್ನ ಕೇಳಿ.
ಆಮೇಲೆ ಡಬ್ಬಿ ಮುಚ್ಚಳ ತೆಗೀರಿ.