ಗೂಡ್ಸ್ ಗಾಡಿಯ ಮೈಮೇಲಿನ 11 ಅಂಕಿ

ಸಾಂತಾಕ್ರೂಜ್ ಕಡೆ ಇದ್ದೀರಾ, ಭಾನುವಾರ ಮಧ್ಯಾಹ್ನ ಬಿಡುವಿದೆಯಾ? ಲೋಕಲ್ ಹಿಡಿದು ವಸಾಯಿ ರೋಡ್‌ಗೆ ಹೋಗಿ. ದಿವಾ, ಪನ್ವೇಲ್ ಕಡೆಗೆ ಗೂಡ್ಸ್ ಗಾಡಿಗಳು ತಿರುಗೋದು ಅಲ್ಲೇ.

ಮೊದಲು ವ್ಯಾಗನ್ ಗುರುತಿಸೋಣ. ಮೇಲೆ ತೆರೆದಿದ್ದರೆ ಸಾಮಾನ್ಯವಾಗಿ ಬಾಕ್ಸ್‌ಎನ್, ಕಲ್ಲಿದ್ದಲಿಗೆ. ಮುಚ್ಚಿದ್ದು ಬಿಸಿಎನ್, ಸಿಮೆಂಟು, ಗೊಬ್ಬರ, ಧಾನ್ಯಕ್ಕೆ.

ಫೋಟೋದಲ್ಲಿ ನಂಬರ್ ಬರಲಿ. ಮೊದಲೆರಡು ಅಂಕಿ ವ್ಯಾಗನ್ ಬಗೆ, ಆಮೇಲಿನೆರಡು ಯಾವ ರೈಲ್ವೆಯದು, ಮುಂದಿನೆರಡು ತಯಾರಾದ ವರ್ಷ, ನಂತರದ ನಾಲ್ಕು ಆ ವ್ಯಾಗನ್‌ನದೇ ಸಂಖ್ಯೆ. ಕೊನೆಯದು ನಮಗೆ ಗೊತ್ತಿರೋ ಚೆಕ್ ಡಿಜಿಟ್. ಮೊದಲ ಹತ್ತರಲ್ಲಿ ಸಮ ಸ್ಥಾನದ ಅಂಕಿಗಳ ಮೊತ್ತವನ್ನು 3ರಿಂದ ಗುಣಿಸಿ, ಬೆಸ ಸ್ಥಾನದವನ್ನು ಕೂಡಿಸಿ. ಅದು ಹತ್ತರ ಗುಣಕವಾಗಲು ಇನ್ನೆಷ್ಟು ಬೇಕೋ ಅದೇ ಹನ್ನೊಂದನೆಯದು. ಅಂದರೆ ಓಡುವ ಗಾಡಿಯ ಫೋಟೋದಲ್ಲಿ ಯಾವುದೋ ಒಂದು ಅಂಕಿ ಮಸುಕಾದರೂ ಲೆಕ್ಕ ಹಾಕಿ ಪತ್ತೆ ಮಾಡಬಹುದು.

ಹಾಗಾಗಿ ಸ್ಪಷ್ಟ ಫೋಟೋ ಬೇಕು ಅಂತ ಹತ್ತಿರ ಹೋಗಲೇಬೇಡಿ, ಹಳದಿ ಗೆರೆಯ ಹಿಂದೆಯೇ ನಿಲ್ಲಿ. ಹಳಿಗಿಳಿದರೆ ಜೀವಕ್ಕೇ ಅಪಾಯ. ಮೇಲಾಗಿ 1989ರ ರೈಲ್ವೆ ಕಾಯ್ದೆಯ 147ನೇ ಕಲಮಿನಡಿ ಆರು ತಿಂಗಳವರೆಗೆ ಜೈಲು, 1000 ರೂಪಾಯಿವರೆಗೆ ದಂಡ, ಅಥವಾ ಎರಡೂ ಆಗಬಹುದು.

ಮನೆಗೆ ಬಂದು ಒಂದು ನಂಬರನ್ನ ಈ ಲೆಕ್ಕಕ್ಕೆ ಹಾಕಿ ನೋಡಿ.