ಬಿಳಿ ಚುಕ್ಕೆಯ ಪಕ್ಕದಲ್ಲಿ ಬರೆದದ್ದು

ಸುತ್ತಿಗೆ ಏಟಿಗೆ ಸಿಡಿದ ಕಬ್ಬಿಣದ ಚೂರು ಕಣ್ಣೊಳಗೆ ಹೊಕ್ಕರೆ ಅದನ್ನು ಅಯಸ್ಕಾಂತದಿಂದ ಎಳೆದು ತೆಗೆಯಬಹುದೆಂದು ವೈದ್ಯರಿಗೆ ಎಕ್ಸ್-ರೇ ಬರುವ ಮೊದಲೇ ಗೊತ್ತಿತ್ತು. ಬರ್ಲಿನ್ನಿನ ನೇತ್ರವೈದ್ಯ ಯೂಲಿಯಸ್ ಹಿರ್ಷ್‌ಬರ್ಗ್ 1879ರಲ್ಲೇ ವಿದ್ಯುತ್ ಅಯಸ್ಕಾಂತವನ್ನು ಈ ಕೆಲಸಕ್ಕೆ ಬಳಸಿದ್ದರು. 1892ರಲ್ಲಿ ಜ್ಯೂರಿಕ್‌ನ ಒಟ್ಟೊ ಹಾಬ್ ಇನ್ನೂ ದೊಡ್ಡದೊಂದು ಅಯಸ್ಕಾಂತವನ್ನು ತಂದರು. ತೊಡಕಿದ್ದದ್ದು ಬೇರೆ ಕಡೆ. ಕಣ್ಣಲ್ಲಿ ರಕ್ತ ತುಂಬಿದರೆ, ಮಸೂರ ಮಸುಕಾದರೆ, ಒಳಗೆ ಚೂರು ಇದೆಯೋ ಇಲ್ಲವೋ ಎಂಬುದೇ ತಿಳಿಯುತ್ತಿರಲಿಲ್ಲ. ಅಯಸ್ಕಾಂತವನ್ನು ಹತ್ತಿರ ಹಿಡಿದಾಗ ರೋಗಿ ನೋವಿನಿಂದ ನರಳಿದರೆ ಚೂರಿದೆ ಎಂದರ್ಥ! ಹಾಗೆಂದು ಅದನ್ನು ಬಿಟ್ಟುಬಿಡುವಂತೆಯೂ ಇರಲಿಲ್ಲ. ಒಳಗುಳಿದ ಕಬ್ಬಿಣ ನಿಧಾನವಾಗಿ ಕರಗಿ ಅಕ್ಷಿಪಟಲವನ್ನು ಹಾಳುಮಾಡುತ್ತದೆ.

1895ರ ನವೆಂಬರ್ 8ರಂದು ವುರ್ಟ್ಸ್‌ಬರ್ಗ್‌ನಲ್ಲಿ ಭೌತವಿಜ್ಞಾನಿ ರಾಂಟ್‌ಜನ್ ಎಕ್ಸ್-ರೇ ಎಂಬ ಕ್ಷ-ಕಿರಣಗಳನ್ನು ಕಂಡರು. ಮರುವರ್ಷವೇ ನೇತ್ರವೈದ್ಯರು ಅವುಗಳತ್ತ ತಿರುಗಿದರು. ಆದರೆ ತಲೆಬುರುಡೆಯ ಚಿತ್ರದಲ್ಲಿ ಒಂದು ಬಿಳಿ ಚುಕ್ಕೆ ಕಂಡಮಾತ್ರಕ್ಕೆ ಏನು ತಿಳಿದಂತಾಯಿತು? ಕಣ್ಣುಗುಡ್ಡೆಯ ಅಡ್ಡಳತೆ ಸುಮಾರು 24 ಮಿಲಿಮೀಟರ್. ಚುಕ್ಕೆ ಅದರೊಳಗಿದೆಯೋ, ಹಿಂದಿನ ಕೊಬ್ಬಿನಲ್ಲಿದೆಯೋ, ರೆಪ್ಪೆಯಲ್ಲಿದೆಯೋ ಎಂಬುದರ ಮೇಲೆಯೇ ಶಸ್ತ್ರಚಿಕಿತ್ಸೆ ನಿಂತಿರುತ್ತಿತ್ತು.

ಫಿಲಡೆಲ್ಫಿಯಾದ ವಿಲಿಯಂ ಸ್ವೀಟ್ ಇದಕ್ಕೊಂದು ದಾರಿ ಹುಡುಕಿದರು. ಕಣ್ಣಿನ ಮುಂದೆ ಗುರುತಿಗಾಗಿ ಲೋಹದ ಗುಂಡು ಮತ್ತು ಶಂಕು ಇಟ್ಟು, ಎಕ್ಸ್-ರೇ ಕೊಳವೆಯ ಜಾಗ ಬದಲಿಸಿ ಎರಡು ಚಿತ್ರ ತೆಗೆಯುವುದು. ಆ ಗುರುತುಗಳಿಂದ ಚೂರು ಎಷ್ಟು ದೂರವಿದೆ ಎಂದು ಅಳೆದು, ಕಣ್ಣಿನ ಆಕಾರ ಮುದ್ರಿಸಿದ ನಕ್ಷೆಯ ಮೇಲೆ ಅದನ್ನು ಗುರುತಿಸುವುದು. ಈ ಇಡೀ ಚರಿತ್ರೆಯಲ್ಲಿ ನನಗೆ ಬಹಳ ಮುಖ್ಯವೆನಿಸುವುದು ಆ ನಕ್ಷೆ. ನೆರಳನ್ನು ಬರಹವಾಗಿಸಿದ್ದು ಅದೇ. ಚಿತ್ರ ತೆಗೆದವರು ಎದುರಿಗಿಲ್ಲದಿದ್ದರೂ ಶಸ್ತ್ರವೈದ್ಯರು ಆ ಹಾಳೆಯನ್ನು ಓದಿ ಕೈಯಿಡಬಹುದಾಯಿತು. ಅದೇ ಕಾಲದಲ್ಲಿ, ಅಬರ್ಡೀನಿನ ನೇತ್ರವೈದ್ಯರಾಗಿದ್ದ ಜೇಮ್ಸ್ ಮೆಕೆಂಜಿ ಡೇವಿಡ್‌ಸನ್ ಕಿರಣಗಳ ದಾರಿಯನ್ನು ದಾರಗಳಿಂದ ಮರುರಚಿಸಿದರು. ಎರಡು ದಾರ ಸಂಧಿಸುವ ಕಡೆಯೇ ಚೂರಿರುವ ಜಾಗ. 1927ರಲ್ಲಿ ಜರ್ಮನಿಯ ಕೊಂಬರ್ಗ್, ಗುರುತಿಗಾಗಿ ಸೀಸದ ಚುಕ್ಕೆಗಳಿದ್ದ ಕಾಂಟ್ಯಾಕ್ಟ್ ಲೆನ್ಸನ್ನು ಕಣ್ಣಿನ ಮೇಲೆಯೇ ಕೂರಿಸಿದರು.

ತಲೆಯನ್ನು ಹೇಗೆ ಇಡಬೇಕೆಂಬುದೂ ಸುಲಭಕ್ಕೆ ತೀರ್ಮಾನವಾಗಲಿಲ್ಲ. ನೇರವಾಗಿ ತೆಗೆದರೆ ಕಿವಿಯ ಭಾಗದ ಗಟ್ಟಿ ಮೂಳೆಯ ನೆರಳು ಕಣ್ಣಿನ ಗೂಡಿನ ಮೇಲೆ ಬೀಳುತ್ತದೆ. ಅದನ್ನು ಕೆಳಕ್ಕೆ ಸರಿಸಲು ಕೊಳವೆಯನ್ನು ಓರೆ ಮಾಡುವ ಭಂಗಿಗೆ ಅಮೆರಿಕದ ಕಾಲ್ಡ್‌ವೆಲ್ ಹೆಸರಿದೆ. ಗದ್ದ ಎತ್ತಿಸಿ ತೆಗೆಯುವ ಭಂಗಿ 1915ರಲ್ಲಿ ವಾಟರ್ಸ್ ಹೆಸರಿನಲ್ಲಿ ಬಂತು. ಕಾಲ್ಡ್‌ವೆಲ್ ವಿಕಿರಣದ ಗಾಯಗಳಿಂದಲೇ 1918ರಲ್ಲಿ ತೀರಿಕೊಂಡರು. ಇವತ್ತಿಗೂ ಆ ಹೆಸರನ್ನು ಎಕ್ಸ್-ರೇ ಚೀಟಿಯ ಮೇಲೆ ಬರೆಯುವ ತಂತ್ರಜ್ಞರು ಇಷ್ಟನ್ನಾದರೂ ತಿಳಿದಿರಬೇಕು. ಈ ಎರಡೂ ಭಂಗಿಗಳಲ್ಲಿ ಮುಖವನ್ನು ಫಿಲಂ ಕಡೆಗಿಟ್ಟು ಹಿಂದಿನಿಂದ ಕಿರಣ ಹಾಯಿಸುವುದರಿಂದ ಕಣ್ಣಿನ ಮಸೂರಕ್ಕೆ ಬೀಳುವ ವಿಕಿರಣವೂ ಕಡಿಮೆ.

ಚೂರು ಕಣ್ಣುಗುಡ್ಡೆಯಲ್ಲಿದೆಯೇ ಎಂದು ತಿಳಿಯಲು ಎಲ್ಲಕ್ಕಿಂತ ಸರಳವಾದ ಉಪಾಯವೊಂದಿದೆ. ತಲೆ ಅಲುಗಾಡಿಸದೆ, ಒಮ್ಮೆ ಕಣ್ಣು ಮೇಲೆ ನೋಡುವಾಗ, ಇನ್ನೊಮ್ಮೆ ಕೆಳಗೆ ನೋಡುವಾಗ ಚಿತ್ರ ತೆಗೆಯುತ್ತಾರೆ. ಚುಕ್ಕೆ ಸರಿದರೆ ಚೂರು ಕಣ್ಣುಗುಡ್ಡೆಯಲ್ಲಿದೆ ಅಥವಾ ಅದಕ್ಕೆ ಅಂಟಿಕೊಂಡಿದೆ. ಇದ್ದಲ್ಲೇ ಇದ್ದರೆ ಹೊರಗಿನದು, ಕೆಲವೊಮ್ಮೆ ಫಿಲಂ ಇಡುವ ಕ್ಯಾಸೆಟ್‌ನೊಳಗಿನ ಬರೀ ಧೂಳು. ಆದರೆ ಯಾವ ಚಿತ್ರ ಯಾವ ನೋಟದ್ದೆಂದು ಬರೆಯದಿದ್ದರೆ, ಎಡ-ಬಲದ ಸೀಸದ ಅಕ್ಷರ ಇಡದಿದ್ದರೆ, ರೋಗಿಯ ಕೆಲಸವೇನು, ಏಟು ಬಿದ್ದದ್ದು ಯಾವಾಗ ಎಂಬುದು ಚೀಟಿಯಲ್ಲಿಲ್ಲದಿದ್ದರೆ, ಇಷ್ಟೆಲ್ಲ ಮಾಡಿಯೂ ಪ್ರಯೋಜನವಿಲ್ಲ. ವರದಿಯಲ್ಲಿ 'ನಾರ್ಮಲ್' ಎಂಬ ಒಂದೇ ಪದ ಗೀಚುವುದೂ ಸಾಲದು. 'ಲೋಹದ ಚೂರು ಕಾಣುತ್ತಿಲ್ಲ' ಎಂದು ಬರೆಯುವುದು ಪ್ರಾಮಾಣಿಕ. ಮರದ ಸಿಬರು, ಪ್ಲಾಸ್ಟಿಕ್ ಸಾಮಾನ್ಯವಾಗಿ ಎಕ್ಸ್-ರೇಗೆ ಕಾಣುವುದೇ ಇಲ್ಲ.

1971ರಲ್ಲಿ ಲಂಡನ್ನಿನ ಆಸ್ಪತ್ರೆಯೊಂದರಲ್ಲಿ ಎಂಜಿನಿಯರ್ ಹೌನ್ಸ್‌ಫೀಲ್ಡ್ ರೂಪಿಸಿದ ಸಿ.ಟಿ. ಯಂತ್ರ ಮೊದಲ ರೋಗಿಯ ತಲೆಯನ್ನು ಚಿತ್ರಿಸಿತು. ಬಳಿಕ ಕಣ್ಣಿನ ಗೂಡಿನ ಎಕ್ಸ್-ರೇಗೆ ಮೊದಲಿನ ಮಹತ್ವ ಉಳಿಯಲಿಲ್ಲ. ಅದು ಮತ್ತೆ ಬೇಕಾದದ್ದು ಎಂಆರ್‌ಐನಿಂದಾಗಿ. ಲೋಹದ ತಗಡಿನ ಕೆಲಸ ಮಾಡಿದ್ದ ಒಬ್ಬ ರೋಗಿಯ ಕಣ್ಣಲ್ಲಿ ಯಾರಿಗೂ ತಿಳಿಯದೆ ಉಳಿದಿದ್ದ ಚೂರು, ಎಂಆರ್‌ಐ ಅಯಸ್ಕಾಂತದ ಸೆಳೆತಕ್ಕೆ ಸರಿದು ಒಳಗೆ ರಕ್ತಸ್ರಾವವಾಗಿ, ಆ ಕಣ್ಣಿನ ದೃಷ್ಟಿಯೇ ಹೋದ ಪ್ರಕರಣ 1986ರಲ್ಲಿ ಅಮೆರಿಕದ ವೈದ್ಯಕೀಯ ಪತ್ರಿಕೆಯಲ್ಲಿ ವರದಿಯಾಯಿತು. ಹಿರ್ಷ್‌ಬರ್ಗ್ ಕಣ್ಣುಳಿಸಲು ಬಳಸಿದ ಸೆಳೆತವೇ ಇಲ್ಲಿ ಕಣ್ಣು ಕಳೆಯಿತು. ಅಂದಿನಿಂದ, ಕಣ್ಣಿಗೆ ಲೋಹ ಸಿಡಿದಿರಬಹುದೆಂಬ ಶಂಕೆಯಿದ್ದವರಿಗೆ ಎಂಆರ್‌ಐಗೂ ಮೊದಲು ಕಣ್ಣಿನ ಗೂಡುಗಳ ಎಕ್ಸ್-ರೇ ಮಾಡಿಸುವುದು ರೂಢಿಗೆ ಬಂತು.

ಹಾಗಾಗಿ ಪೀಣ್ಯದಂಥ ಕೈಗಾರಿಕಾ ಪ್ರದೇಶಗಳಲ್ಲಿ ಲೇತ್, ಗ್ರೈಂಡರ್ ಎದುರು ದುಡಿಯುವವರಲ್ಲಿ, ಅವರ ಮನೆಯವರಲ್ಲಿ ಒಂದು ವಿನಂತಿ. ಕಣ್ಣಿಂದ ಚೂರು ತೆಗೆಸಿಕೊಂಡ ಚೀಟಿಯನ್ನು, ಹಳೆಯ ಎಕ್ಸ್-ರೇ ವರದಿಯನ್ನು ಎಸೆಯಬೇಡಿ. ಎಂಆರ್‌ಐ ಕೋಣೆಗೆ ಹೋಗುವ ಮುನ್ನ, ಘಟನೆ ಎಷ್ಟೇ ಹಳೆಯದಾಗಿರಲಿ, ಅಲ್ಲಿನ ಸಿಬ್ಬಂದಿ ಕೇಳದಿದ್ದರೂ ನೀವೇ ಹೇಳಿ, ಅದನ್ನು ಬರೆದುಕೊಳ್ಳಲೂ ಹೇಳಿ.